ಸೊಸೆಯ ಹಲ್ಲು, ನನ್ನ ಪಾಲಿನ ಚಹಾ

ಮುದುಕರಿಗೆ ಏನು ಕೆಲಸ ಎಂದು ಎಲ್ಲರೂ ಕೇಳುತ್ತಾರೆ. ಕೇಳಿ, ಹಿಂದೆಯೇ ಸುಲಿಯಲು ಒಂದು ಬುಟ್ಟಿ ಬೆಳ್ಳುಳ್ಳಿ ತಂದಿಡುತ್ತಾರೆ. ನನ್ನ ಕಥೆ ಬೇರೆ. ಎಪ್ಪತ್ತೊಂದನೆಯ ವರ್ಷಕ್ಕೆ ನನಗೊಂದು ನಿಜವಾದ ಕೆಲಸ ಸಿಕ್ಕಿತು: ಮನೆಮನೆಗೆ ಹೋಗಿ ಚಹಾ ಕುಡಿಯುವುದು. ಪಗಾರವಿಲ್ಲ, ಆದರೆ ಬಿಸ್ಕಿಟ್ ಉಂಟು. ಈ ಕೆಲಸ ಸಿಕ್ಕಿದ್ದು ನನ್ನ ಸೊಸೆಯ ಹಲ್ಲಿನ ದೆಸೆಯಿಂದ. ಇದನ್ನೆಲ್ಲ ಮೊಬೈಲಿನಲ್ಲಿ ನಾನೇ ಒತ್ತಿ ಒತ್ತಿ ಬರೆಯುತ್ತಿದ್ದೇನೆ, ಮೊಮ್ಮಗಳು ಸಹನಾ ಕಲಿಸಿದ್ದು. ಒತ್ತಕ್ಷರ ಬಂದಾಗಲೆಲ್ಲ ಉಸಿರು ಬಿಗಿ ಹಿಡಿಯುತ್ತೇನೆ. ನಡುವೆ ಎಲ್ಲಾದರೂ ದಾರಿ ತಪ್ಪಿದರೆ ಅದು ಕನ್ನಡಕದ ತಪ್ಪು, ತಲೆಯದಲ್ಲ ಎಂದು ತಿಳಿಯಬೇಕು.

ನನ್ನ ಸೊಸೆ ಸುಜಾತಾ ನಮ್ಮ ಯರಗುಪ್ಪಿಯಲ್ಲೇ ನರ್ಸು. ಊರಿನವರಿಗೆಲ್ಲ ಸಿಸ್ಟರ್. ಹೆಗಲಿಗೆ ಲಸಿಕೆಯ ಡಬ್ಬಿ ಹಾಕಿಕೊಂಡು, ಕಾಲಿಗೆ ಎರೆಮಣ್ಣು ಮೆತ್ತಿಸಿಕೊಂಡು ಓಣಿ ಓಣಿ ತಿರುಗುವವಳು. ನಲವತ್ತು ದಾಟಿದೆ. ಕಳೆದ ವರ್ಷ ಒಂದು ದಿನ ಹುಬ್ಬಳ್ಳಿಯ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬಂದು, ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಚೀಲ ಇಟ್ಟಳು. ಒಳಗೆ ಗಾಜಿನಂತೆ ತಿಳಿಯಾದ, ಹಲ್ಲಿನ ಆಕಾರದ ಪ್ಲಾಸ್ಟಿಕ್ ಅಚ್ಚುಗಳು. ಹಲ್ಲಿಗೆ ಅಂಗಿ ಹೊಲಿಸಿದಂತೆ. ಇಂಥ ಇಪ್ಪತ್ನಾಲ್ಕು ಜೊತೆಯಂತೆ. ಹತ್ತು ದಿನಕ್ಕೊಂದು ಜೊತೆ ಬದಲಿಸಬೇಕು. ಒಂದೊಂದು ಜೊತೆಯೂ ಮುಂದೆ ಬಂದ ಹಲ್ಲನ್ನು ಕೂದಲೆಳೆಯಷ್ಟು ಒಳಗೆ ತಳ್ಳುತ್ತದೆಯಂತೆ. ದಿನಕ್ಕೆ ಇಪ್ಪತ್ತೆರಡು ತಾಸು ಬಾಯಲ್ಲೇ ಇರಬೇಕು. ತೆಗೆಯುವುದು ಊಟಕ್ಕೆ, ಹಲ್ಲುಜ್ಜುವುದಕ್ಕೆ ಮಾತ್ರ. ಹಾಕಿಕೊಂಡಾಗ ನೀರು ಬಿಟ್ಟು ಬೇರೇನೂ ಕುಡಿಯುವಂತಿಲ್ಲ. ಬಿಸಿ ಚಹಾ ಬಿದ್ದರೆ ಅಚ್ಚು ಸೊಟ್ಟಗಾಗುತ್ತದೆ.

"ಎಷ್ಟಾತು ಬೇ ಇದಕ್ಕ?" ಎಂದೆ.

ಅವಳು ಹೇಳಿದಳು. ನಾನು ಕಂಬ ಹಿಡಿದುಕೊಂಡೆ. "ಅಯ್ಯ ಯವ್ವಾ! ಅಷ್ಟು ರೊಕ್ಕದಾಗ ಕರು ಸಮೇತ ಒಂದು ಎಮ್ಮಿ ಬರ್ತಿತ್ತಲ್ಲ!"

"ಎಮ್ಮಿ ಬಾಯಾಗ ಹಿಡಿಯಂಗಿಲ್ರಿ ಅತ್ತಿ," ಎಂದಳು.

ನನ್ನ ಮಗನ ಮುಖ ನೋಡಿದೆ. "ಅಕಿ ದುಡದ ರೊಕ್ಕ, ಅಕಿ ಹಲ್ಲು, ನಡುವ ನಾ ಯಾರು?" ಎಂದು ಅವನು ಹೊಲಕ್ಕೆ ಹೋಗಿಬಿಟ್ಟ. ಎರಡು ವರ್ಷ ಪಗಾರದಲ್ಲಿ ಉಳಿಸಿದ ಹಣವಂತೆ. ಆದರೂ ನಾನು ಸುಮ್ಮನಿರಲಿಲ್ಲ. "ಮಗಳು ಕಾಲೇಜಿಗೆ ಬಂದಾಳ. ಈ ವಯಸ್ಸಿನಾಗ ನಿನ್ನ ಹಲ್ಲು ಯಾರು ನೋಡ್ತಾರ?" ಎಂದು ಕೇಳಿದೆ. ಅವಳು ಮೊದಲ ಜೊತೆಯನ್ನು ಟಕ್ ಎಂದು ಹಲ್ಲಿಗೆ ಕೂರಿಸಿಕೊಂಡು ಪಾತ್ರೆ ತಿಕ್ಕಲು ಕುಳಿತಳು.

ಹೇಳುವುದು ಮರೆತೆ, ನನ್ನದೂ ಮೇಲಿನ ಸಾಲು ಕಟ್ಟಿಸಿದ ಹಲ್ಲು. ರಾತ್ರಿ ತೆಗೆದು ಗೂಡಿನಲ್ಲಿ ನೀರಿನ ಬಟ್ಟಲಲ್ಲಿ ಇಡುತ್ತೇನೆ. ಅವಳ ಡಬ್ಬಿಯೂ ಅದೇ ಗೂಡಿಗೆ ಬಂತು. ಎರಡೂ ಅದಲುಬದಲಾಗಿರಬೇಕು ಎಂದು ನೀವು ನಗಲು ತಯಾರಾಗಿದ್ದರೆ ಕ್ಷಮಿಸಿ, ಅಂಥದ್ದೇನೂ ಆಗಲಿಲ್ಲ. ಆದದ್ದು ಚಹಾದ ತಕರಾರು.

ನಮ್ಮ ಕಡೆ ಚಹಾ ಬೇಡ ಎನ್ನುವುದು ಸಣ್ಣ ಮಾತಲ್ಲ. ಸಿಸ್ಟರ್ ಮನೆಗೆ ಬಂದರು, ಕೂಸಿಗೆ ಸೂಜಿ ಮಾಡಿದರು, ಕೂಸು ಊರು ಕೇಳುವಂತೆ ಅತ್ತಿತು ಎಂದರೆ ಮುಂದಿನದು ಚಹಾ. ಬೇಡ ಎಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಯಾರ ಮನೆಯಲ್ಲಿ ಕುಡಿದಳು, ಯಾರ ಮನೆಯಲ್ಲಿ ಒಲ್ಲೆ ಅಂದಳು ಎಂಬುದನ್ನು ಊರು ನೆನಪಿಡುತ್ತದೆ. ಒಂದೇ ವಾರದಲ್ಲಿ ಕೆಳಗಿನ ಓಣಿಯಿಂದ ಮಾತು ಬಂತು: "ಸಿಸ್ಟರಿಗೆ ಈಗೀಗ ನಮ್ಮ ಮನಿ ಚಹಾ ನಡಿಯಂಗಿಲ್ಲಂತ." ಆ ಮಾತು ಬಂದ ಮೇಲೆ ಇಬ್ಬರು ತಾಯಂದಿರು ಕೂಸುಗಳನ್ನು ಸೂಜಿಗೆ ಕರೆತರಲಿಲ್ಲ. ಸುಜಾತಾ ಗಾಬರಿಯಾಗಿ ಎಲ್ಲರ ಮನೆಯಲ್ಲೂ ಮತ್ತೆ ಕುಡಿಯಲು ಶುರುಮಾಡಿದಳು. ಗೋಡೆಯ ಕಡೆ ತಿರುಗಿ ಅಚ್ಚು ತೆಗೆಯಬೇಕು, ಡಬ್ಬಿಯಲ್ಲಿಡಬೇಕು, ಕುಡಿಯಬೇಕು, ಬಾಯಿ ತೊಳೆಯಬೇಕು, ಮತ್ತೆ ಹಾಕಿಕೊಳ್ಳಬೇಕು. ದಿನಕ್ಕೆ ಎಂಟು ಮನೆ. ಐದನೆಯ ಜೊತೆ ಹಲ್ಲಿಗೆ ಕೂರಲೇ ಇಲ್ಲ. ಡಾಕ್ಟರು ನೋಡಿ, "ಇಪ್ಪತ್ತೆರಡು ತಾಸು ಹಾಕ್ಕೋರಿ ಅಂದ್ರ ಹದಿನೆಂಟು ಹಾಕ್ಕೊಂಡೀರಿ. ಹಿಂದಿನ ಜೊತಿನ ಇನ್ನೂ ಒಂದು ತಿಂಗಳು ಹಾಕ್ರಿ. ಹಿಂಗ ಮಾಡಿದ್ರ ರೊಕ್ಕ ಹೋಗ್ತದ, ಹಲ್ಲು ಅಲ್ಲೇ ಇರ್ತದ," ಎಂದರಂತೆ.

ಅಂದು ಸಂಜೆ ಅವಳು ರೊಟ್ಟಿ ಬಡಿದಳು. ರೊಟ್ಟಿಗಳು ಬಹಳ ತೆಳ್ಳಗೆ ಬಂದವು. ಆಗ ನಾನು, "ನಿನ್ನ ಪಾಲಿಂದು ನಾ ಕುಡೀತೇನಿ, ತಗೋ," ಎಂದೆ. ದೊಡ್ಡ ಮನಸ್ಸು ಎಂದುಕೊಳ್ಳಬೇಡಿ. ನನಗೆ ಪಿತ್ತ. ಮನೆಯಲ್ಲಿ ಇವಳು ನನಗೆ ದಿನಕ್ಕೆ ಎರಡೇ ಅರ್ಧ ಕಪ್ಪು ಕೊಡುವುದು. ಊರ ತುಂಬ ಶುಂಠಿ ಹಾಕಿದ ಚಹಾ ಕುದಿಯುವಾಗ ಇಂಥ ಅವಕಾಶ ಬಿಡುವುದು ಹೇಗೆ? ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಮನಿಗೆ ಎರಡ ಗುಟುಕು, ಅಷ್ಟರಿ," ಎಂದು ಒಪ್ಪಿದಳು.

ಹೀಗೆ ಅವಳ ಡಬ್ಬಿಯ ಹಿಂದೆ ನನ್ನ ಸವಾರಿ. "ಅಕಿ ಬಾಯಾಗ ಔಷಧದ ಅಚ್ಚು ಐತಿ. ನಾ ಕುಡದ್ರ ಅಕಿ ಕುಡದಂಗ," ಎಂದು ಹೇಳಿ ಬಶಿ ಹಿಡಿಯುತ್ತಿದ್ದೆ. ಮನೆಯ ಹಿರಿಯಳೇ ಬಂದು ಕುಡಿದಳೆಂದು ಜನಕ್ಕೂ ಸಮಾಧಾನ. ಆ ಇಬ್ಬರು ತಾಯಂದಿರೂ ಬಂದರು. ಎರಡು ಗುಟುಕು ಎಂಬ ಕರಾರು ಮೊದಲ ಮನೆಯಲ್ಲೇ ಮುರಿದುಬಿತ್ತು. ಎಲ್ಲ ಚಂದ ನಡೆದಿತ್ತು, ರಾಜಬಿಯ ಮನೆಗೆ ಹೋಗುವವರೆಗೆ.

ರಾಜಬಿ ನನ್ನ ವಾರಿಗೆಯವಳು, ಹಳೆಯ ಗೆಳತಿ. ಅವಳ ಮರಿಮಗನಿಗೆ ಸೂಜಿ ಆಯಿತು, ನನಗೆ ಚಹಾ ಬಂತು. ರಾಜಬಿ ಸುಜಾತಳ ಬಾಯಿಯನ್ನೇ ನೋಡುತ್ತ, "ಸಿಸ್ಟರ್, ಈ ವಯಸ್ಸಿನಾಗ ಯಾಕವ್ವಾ ಇದೆಲ್ಲಾ?" ಎಂದಳು. ನಾನು ಕೇಳಿದ್ದನ್ನೇ ಕೇಳಿದಳು.

ಸುಜಾತಾ ಕೂಸಿನ ಕಾರ್ಡು ಬರೆಯುತ್ತ, ತಲೆ ಎತ್ತದೆ, "ನನ್ನ ನೋಡಾಕ ಬಂದ ದಿನಾ ನಮ್ಮತ್ತಿ ಅಂದಿದ್ರು, ಹುಡುಗಿ ಬಂಗಾರದಂಥಾಕಿ..." ಎನ್ನುವಷ್ಟರಲ್ಲಿ ರಾಜಬಿ ಕೈ ತಟ್ಟಿ, "ಹಲ್ಲಷ್ಟ ಅಕಿಗಿಂತ ಒಂದು ದಿನಾ ಮೊದಲ ಬಂದು ಮುಟ್ತಾವ! ಗೊತ್ತೈತಿ, ಗೊತ್ತೈತಿ! ಗಂಗಕ್ಕ ಹೇಳಿ ಹೇಳಿ ನಗಿಸ್ತಿದ್ಲು," ಎಂದು ನನ್ನ ಕಡೆ ಬೆರಳು ಮಾಡಿ ಮಾತು ಪೂರ್ತಿ ಮಾಡಿದಳು.

ಸುಜಾತಳೂ ನಕ್ಕಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಅವಳು ನಗುವುದೇ ಹಾಗೆ. ಇಷ್ಟು ವರ್ಷ ನಾನು ಅದನ್ನು ಮರ್ಯಾದೆ ಎಂದುಕೊಂಡಿದ್ದೆ. 'ನಮ್ಮ ಸೊಸಿ ಹಲ್ಲು ಕಾಣೂವಂಗ ನಗೂದಿಲ್ಲ' ಎಂದು ಬೀಗರ ಮುಂದೆ ಜಂಬವನ್ನೂ ಕೊಚ್ಚಿದ್ದೆ. ಬಶಿಯಲ್ಲಿದ್ದ ಚಹಾ ಆರಿತು. ಎರಡೇ ಗುಟುಕಿಗೆ ಬಿಟ್ಟೆದ್ದ ಮನೆ ಅದೊಂದೇ.

ದಾರಿಯಲ್ಲಿ ಚಪ್ಪಲಿಗೆ ಮೆತ್ತಿದ ಮಣ್ಣನ್ನು ಕಲ್ಲಿಗೆ ಒರೆಸುವ ನೆಪದಲ್ಲಿ ನಿಂತು, "ಆವತ್ತ ನಾ ಹಂಗ ಅನಬಾರದಿತ್ತು," ಎಂದೆ.

"ನೀವು ಅಂದದ್ದು ಖರೆ ಇತ್ತ್ರಿ ಅತ್ತಿ. ಕನ್ನಡಿ ನಮ್ಮ ತವರುಮನ್ಯಾಗೂ ಇತ್ತು," ಎಂದಳು. ಸಿಟ್ಟಿನಿಂದಲ್ಲ, ಜ್ವರ ಎಷ್ಟಿದೆ ಎಂದು ಹೇಳುವ ದನಿಯಲ್ಲಿ. "ಒಂದ ಸಲ ಅಂದು ಬಿಟ್ಟಿದ್ರ ಮರೀತಿದ್ದೆ. ಆದ್ರ ಯಾವ ಮನಿಗೆ ಸೂಜಿ ಮಾಡಾಕ ಹೋದ್ರೂ ಆ ಮಾತು ನನಗಿಂತ ಮೊದಲ ಹೋಗಿ ಕುಂತಿರತಿತ್ತು."

ನಾನು ಇನ್ನೊಂದು ಚಪ್ಪಲಿಯನ್ನೂ ಕಲ್ಲಿಗೆ ಒರೆಸಿದೆ. ಅದಕ್ಕೆ ಮಣ್ಣೇ ಮೆತ್ತಿರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಚಹಾದ ರುಚಿ ಹೋಯಿತು, ಕೆಲಸ ಮಾತ್ರ ಉಳಿಯಿತು. ಯಾರ ಮನೆಯಲ್ಲಿ ಕುಳಿತರೂ, ಇಲ್ಲಿ ಆ ಮಾತನ್ನು ಎಷ್ಟು ಸಲ ಹೇಳಿದ್ದೆ ಎಂದೇ ಯೋಚನೆ. ಬಹಳ ಮನೆಗಳಲ್ಲಿ ಉತ್ತರ ಒಂದಕ್ಕಿಂತ ಹೆಚ್ಚು. ಪಿತ್ತ ಎದ್ದು ಎದೆ ಉರಿದ ದಿನವೂ ರಜೆ ಹಾಕಲಿಲ್ಲ. ಸುಜಾತಾ ರಾತ್ರಿ ಮಾತಿಲ್ಲದೆ ಒಂದು ಗುಳಿಗೆ ಕೊಡುತ್ತಿದ್ದಳು, ನಾನು ಮಾತಿಲ್ಲದೆ ನುಂಗುತ್ತಿದ್ದೆ. ಅತ್ತೆ ಸೊಸೆ ಇಷ್ಟು ಶಾಂತವಾಗಿದ್ದುದನ್ನು ನೋಡಿ ಮಗ ಎರಡು ಸಲ, "ಏನರ ಜಗಳ ಆಗೇತೇನು?" ಎಂದು ಕೇಳಿದ.

ಹೋದ ತಿಂಗಳು ಇಪ್ಪತ್ನಾಲ್ಕನೆಯ ಜೊತೆ ಮುಗಿಯಿತು. ಹಲ್ಲುಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿವೆ. ಆದರೂ ರಾತ್ರಿ ಹೊತ್ತು ಒಂದು ಅಚ್ಚು ಹಾಕಿಕೊಂಡೇ ಮಲಗಬೇಕಂತೆ, ಬಿಟ್ಟರೆ ಹಲ್ಲು ಮೆಲ್ಲಗೆ ಹಳೆಯ ಜಾಗಕ್ಕೇ ಹೊರಡುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಹಗಲೆಲ್ಲ ಬಾಯಿ ಖಾಲಿ, ಅವಳ ಚಹಾ ಅವಳೇ ಕುಡಿಯುತ್ತಾಳೆ. ನನಗೆ ಮತ್ತೆ ಬೆಳ್ಳುಳ್ಳಿ.

ಇಷ್ಟು ಬರೆದು, ಪತ್ರಿಕೆಗೆ ಕಳಿಸುವ ಮೊದಲು ಒಲೆಯ ಮುಂದಿದ್ದ ಅವಳಿಗೆ ಓದಿ ಹೇಳಿದೆ. ನಾನು ಹಲ್ಲಿನ ಬಗ್ಗೆ ಅಂದ ಮಾತು ಬಂದಾಗ ಅವಳ ಕೈ ನಿಂತಿತು.

"ಊರಾಗಿನ ಮನಿ ಎಲ್ಲಾ ಮುಗಿಸಿ, ಈಗ ಹೊರಗಿನವ್ರಿಗೂ ಹೇಳಾಕ ಹೊಂಟ್ರೇನ್ರಿ ಅತ್ತಿ?"

ನನಗೆ ಹೊಳೆದೇ ಇರಲಿಲ್ಲ, ನೋಡಿ. ತಪ್ಪೊಪ್ಪಿಕೊಳ್ಳಲು ಕುಳಿತು ಅದೇ ಮಾತನ್ನು ಮತ್ತೊಮ್ಮೆ ಹೇಳಿದ್ದೆ, ಅದೂ ನಗು ಬರುವ ಹಾಗೆ. "ಬ್ಯಾಡಂದ್ರ ಅಳಸ್ತೇನವಾ. ಅಳಸೂದು ಎಲ್ಲಿ ಅಂತ ಸಹನಾ ತೋರಿಸ್ಯಾಳ," ಎಂದೆ.

ಅವಳು ಎರಡು ರೊಟ್ಟಿ ಬಡಿದಳು. ಮೂರನೆಯದನ್ನು ಹಂಚಿಗೆ ಹಾಕಿ, "ಇರಲಿ ಬಿಡ್ರಿ. ಆದ್ರ ಕೆಳಗ ನನ್ನ ಈಗಿನ ಫೋಟೋ ಹಾಕ್ರಿ," ಎಂದಳು. ಕೈ ತೊಳೆದು, ಬಾಗಿಲ ಬೆಳಕಿಗೆ ಬಂದು ನಿಂತಳು. ಸೆರಗು ಹೆಗಲ ಮೇಲೇ ಇತ್ತು. ಬಾಯ್ತುಂಬ ನಕ್ಕಳು. ನಾನು ಒತ್ತಿದೆ.

ಇಬ್ಬರೂ ನೋಡಿದೆವು. ಹಣೆ, ಕಣ್ಣು, ಮೂಗು ಚೆನ್ನಾಗಿ ಬಂದಿದ್ದವು. ಮೂಗಿನ ಕೆಳಗೆ ಪೂರ್ತಿ ನನ್ನ ಹೆಬ್ಬೆರಳು.

"ಬಟ್ಟು ತಗೀರಿ ಅತ್ತಿ, ಬಟ್ಟು!" ಎಂದು ಮತ್ತೆ ಹೋಗಿ ನಿಂತಳು. ಹೀಗೇ ನಡೆದು ಇದು ಈಗ ಏಳನೆಯ ಸಲ. ಹಂಚಿನ ಮೇಲೆ ರೊಟ್ಟಿ ಸೀಯುತ್ತಿದೆ, ಅವಳು ಜಾಗ ಬಿಟ್ಟಿಲ್ಲ, ನಗು ನಿಲ್ಲಿಸಿಲ್ಲ. ಈ ಹೆಬ್ಬೆರಳನ್ನು ಎಲ್ಲಿಡುವುದು ಎಂದು ನನಗಿನ್ನೂ ತಿಳಿದಿಲ್ಲ.