ಖಾಲಿ ನಿವೇಶನದಲ್ಲಿ ಒಂದು ಲಾರಿ

ಇಮಾಮಸಾಬ್ ಹೆಂಡತಿಯ ಮಾತು ಕೇಳುವ ಗಂಡಸಲ್ಲ. ಇದು ಚಾಡಿಯಲ್ಲ, ಸತ್ಯನಾರಾಯಣಪೇಟೆಯ ಅವನ ಓಣಿಯಲ್ಲಿ ಯಾರನ್ನು ವಿಚಾರಿಸಿದರೂ ಸಿಗುವ ತೀರ್ಪು. ಮದುವೆಯಾದ ಲಾಗಾಯ್ತು ಶಾಹಜಾನಬಿ ಹೇಳಿದ್ದಕ್ಕೆಲ್ಲ ಅವನು ಕೊಟ್ಟ ಉತ್ತರ ಒಂದೇ: "ಹ್ಞೂಂ." ಅದು ಒಪ್ಪಿಗೆಯಲ್ಲ, ನಿರಾಕರಣೆಯೂ ಅಲ್ಲ. ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಕ್ಷೇಮವಾಗಿ ಹೊರಬಿತ್ತು ಎಂಬುದಕ್ಕೆ ರಸೀದಿ.

ಕಸುಬಿನಲ್ಲಿ ಅವನು ಲಾರಿಗೆ ಬಾಡಿ ಕಟ್ಟುವವನು. ಮೋಕ ರಸ್ತೆಯಲ್ಲಿ ಶೆಡ್ಡು. ನಮ್ಮ ಕೆಂಪು ಮಣ್ಣು ಕಬ್ಬಿಣದ ಅದಿರೆಂದು ಲಾರಿ ಏರಿ, ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿದ್ದ ವರ್ಷಗಳವು. ಊರಿನ ಬಿಳಿ ಬೆಕ್ಕುಗಳೂ ಕೆಂಪಗಾಗಿದ್ದವು. ಕಾರ್ಖಾನೆಯಿಂದ ಲಾರಿ ಎಷ್ಟೇ ಗಟ್ಟಿಯಾಗಿ ಬಂದಿರಲಿ, ಮಾಲೀಕರು ಅದನ್ನು ತಂದು ಇಮಾಮಸಾಬನ ಮುಂದೆ ನಿಲ್ಲಿಸಿ, "ಇನ್ನೊಂದು ಹಲಗಿ ಏರಿಸಪ್ಪ" ಎನ್ನುವರು. ಅವನು ಏರಿಸುವನು. ಆ ಶೆಡ್ಡಿನಲ್ಲಿ ಎರಡೇ ಶಾಸ್ತ್ರ. ಎಷ್ಟು ಹಿಡಿಯುತ್ತದೆ ಎಂದು ಕೇಳಬಾರದು, ತುಂಬಬೇಕು. ಬಿಚ್ಚಿದ ಹಳೆಯ ಬಾಡಿಯನ್ನು ಅಂಗಳದಲ್ಲಿ ಇಟ್ಟುಕೊಳ್ಳಬಾರದು, ಅಂದೇ ಗುಜರಿಗೆ ಹಾಕಬೇಕು. ಇಟ್ಟುಕೊಂಡರೆ ಮುಂದಿನ ಲಾರಿಗೆ ಜಾಗವೆಲ್ಲಿ?

ಕೈಯಲ್ಲಿ ನಾಲ್ಕು ಕಾಸು ಆಡಿದವರೆಲ್ಲ ಮನೆಗೆ ಕಂಪ್ಯೂಟರ್ ತಂದ ಕಾಲ. ಇಮಾಮಸಾಬನೂ ತಂದ. ಶೆಡ್ಡಿನ ಬಿಲ್ಲು ಬರೆಯಲೆಂದು ತಂದದ್ದು. ಬಿಲ್ಲುಗಳು ಹಿಂದಿನಂತೆ ಬಾಯಲ್ಲೇ ನಡೆದವು, ಕಂಪ್ಯೂಟರ್ ಶಾಹಜಾನಬಿಯ ಪಾಲಾಯಿತು. ಅವಳ ತಂಗಿಯ ಮಗಳು ಆಫ್ರೀನ್ ಅದರೊಳಗೆ ಒಂದು ಆಟ ಹಾಕಿಕೊಟ್ಟಿದ್ದಳು. ಆಟದಲ್ಲಿ ಒಂದು ನಿವೇಶನ ಕೊಡುತ್ತಾರೆ. ಗೋಡೆ ಎಬ್ಬಿಸಿ, ಬಾಗಿಲಿಟ್ಟು, ಒಲೆ ಹೂಡಿ ಒಳಗೆ ಮನುಷ್ಯರನ್ನು ಬಿಟ್ಟರೆ ಅವರು ತಮ್ಮ ಪಾಡಿಗೆ ಸಂಸಾರ ಮಾಡಿಕೊಂಡಿರುತ್ತಾರೆ. ಗಂಡಹೆಂಡಿರು ಪಾರ್ವತಿನಗರದಲ್ಲಿ ಕೊಂಡ ನಿಜವಾದ ನಿವೇಶನ ಇನ್ನೂ ಖಾಲಿ ಬಿದ್ದಿತ್ತು. ಅಲ್ಲಿ ಕಟ್ಟಬೇಕಾದ ಮನೆಯನ್ನು ಶಾಹಜಾನಬಿ ಆಟದಲ್ಲಿ ಕಟ್ಟತೊಡಗಿದಳು. ವರ್ಷವಿಡೀ ಕಟ್ಟಿದಳು, ಒಪ್ಪದ್ದನ್ನು ಕೆಡವಿ ಮತ್ತೆ ಕಟ್ಟಿದಳು. ಊಟ ಬಡಿಸುತ್ತ, ಅಡುಗೆಮನೆಯ ಕಿಟಕಿ ಇಂದು ಎಲ್ಲಿಗೆ ಸರಿಯಿತು ಎಂದು ವರದಿ ಒಪ್ಪಿಸುವಳು. ಅವನು ರೊಟ್ಟಿ ಮುರಿಯುತ್ತ ರಸೀದಿ ಕೊಡುವನು.

ಊರಿಗೆ ಊರೇ ಮನೆ ಕಟ್ಟುತ್ತಿದ್ದುದರಿಂದ ಮೇಸ್ತ್ರಿಗಳ ದರ್ಶನ ಮಂತ್ರಿಗಳ ದರ್ಶನಕ್ಕಿಂತ ದುರ್ಲಭವಾಗಿತ್ತು. ಅಂತೂ ಮೇಸ್ತ್ರಿ ಎರ್ರಣ್ಣ ಒಪ್ಪಿಕೊಂಡ. ಎಂಜಿನಿಯರರ ನಕ್ಷೆ ಅವನಿಗೆ ಆಗದು. "ಕಾಗದದಾಗ ಅಡ್ಡಾಡಾಕ ಬರಂಗಿಲ್ಲಕ್ಕ. ನೀವು ಒಳಗೆಲ್ಲ ಅಡ್ಡಾಡಿಸ್ತೀನಿ ಅಂತೀರಲ್ಲ, ಆ ಪರದಿ ಮ್ಯಾಲ ತೋರಿಸ್ರಿ. ಶುಕ್ರವಾರ ಸಂಜಿಗೆ ಬರ್ತೀನಿ. ಅವತ್ತು ತಪ್ಪಿದ್ರ ಸಿರುಗುಪ್ಪದಾಗ ಅಕ್ಕಿ ಗಿರಣಿ ಕೆಲಸಕ್ಕ ಹೋಗಿಬಿಡ್ತೀನಿ. ಆಮ್ಯಾಲ ಮುಂದಿನ ಬ್ಯಾಸಿಗಿ."

ಶುಕ್ರವಾರ ಬೆಳಿಗ್ಗೆ ಶಾಹಜಾನಬಿ ಕುರುಗೋಡಿನ ತಂಗಿಯ ಮನೆಗೆ ಹೊರಟಳು.

"ಸಂಜಿ ಬಸ್ಸಿಗೆ ಬಂದುಬಿಡ್ತೀನಿ. ಕಂಪ್ಯೂಟರ್ ತಂಟಿಗೆ ಹೋಗಬ್ಯಾಡ್ರಿ."

"ಹ್ಞೂಂ."

ಬಸ್ಸು ಊರು ದಾಟುವ ಮೊದಲೇ ಇಮಾಮಸಾಬ್ ಪರದೆಯ ಮುಂದೆ ಕುಳಿತಿದ್ದ. ಮನೆ ಚೆನ್ನಾಗಿತ್ತು, ಅದನ್ನು ಅವನೂ ಒಪ್ಪಿದ. ಆದರೆ ಬಾಡಿ ಕಟ್ಟುವವನ ಮನೆಯ ಮುಂದೆ ಒಂದು ಲಾರಿ ಇಲ್ಲವೆಂದರೆ ಜನ ಏನೆಂದಾರು? ಅಲ್ಲಿ ಎರಡು ಗುಲಾಬಿ ಗಿಡವಿದ್ದವು. ಲಾರಿ ನಿಲ್ಲಿಸಿಯೇ ಸಿದ್ಧವೆಂದು ಅವನು ತೀರ್ಮಾನಿಸಿದ. ಹೆಂಡತಿ ಬಂದು ನೋಡಿದರೆ ಬಾಯಿಂದ ಮಾತೇ ಹೊರಡಬಾರದು. ಆ ಒಂದು ವಿಷಯದಲ್ಲಿ ಅವನ ಅಂದಾಜು ತಪ್ಪಲಿಲ್ಲ.

ಓಣಿಯ ತುದಿಯಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿದ್ದ ಅಲ್ತಾಫ್ ವಿಷಯ ತಿಳಿಸಿದ. ಆಟದವರು ಕೊಟ್ಟ ಸಾಮಾನು ಸಾಲದ ಜನ ತಾವೇ ಲಾರಿ, ಕುರ್ಚಿ, ಪರದೆ, ಜಡೆ, ಏನು ಬೇಕೋ ಅದನ್ನು ತಯಾರಿಸಿ ಇಂಟರ್ನೆಟ್ಟಿನಲ್ಲಿ ಬಿಟ್ಟಿರುತ್ತಾರೆ. ಅದಕ್ಕೆ ಮಾಡ್ ಎನ್ನುತ್ತಾರೆ. ತಂದು ಆಟದ ಫೋಲ್ಡರಿಗೆ ಹಾಕಿದರಾಯಿತು.

"ಲಾರಿ ಮಾಡ್ ಒಂದು ಹಾಕಿಕೊಡ್ಲಿ, ಚಾಚಾ?"

"ಒಂದ್ಯಾಕ? ಸೀಡಿ ತುಂಬ ಜಾಗ ಐತಲ್ಲ."

"ಐತಿ. ಆದ್ರ ಹೊಸಬರು ನೀವು…"

"ಖಾಲಿ ಓಡಿಸಿದ್ರ ಲಾರಿಗೆ ಅವಮಾನ. ತುಂಬು."

ಅಲ್ತಾಫ್ ತುಂಬಿದ. "ಎಲ್ಲಾ ಒಮ್ಮೆಗೇ ಸುರೀಬ್ಯಾಡ್ರಿ. ಒಂದೊಂದೇ ಹಾಕಿ, ಆಟ ತೆರೆದು ನೋಡ್ರಿ. ಜಡಿಗೆ ಜೋಡಿ ಫೈಲ್ ಬ್ಯಾರೆ ಬೇಕು, ಅದನ್ನ ಆಮ್ಯಾಲ ಕೊಡ್ತೀನಿ. ಮತ್ತ ಮುಖ್ಯ ಮಾತು, ಹಳೇ ಫೋಲ್ಡರ್ ಮೊದಲು ಬ್ಯಾರೆ ಕಡೆ ನಕಲು ಮಾಡಿ ಇಟ್ಕೋರಿ."

"ಹ್ಞೂಂ."

ಶೆಡ್ಡಿನ ಪದ್ಧತಿಯಂತೆ ಕಂಪ್ಯೂಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಇಮಾಮಸಾಬ್ ಕೆಲಸಕ್ಕೆ ಕೈ ಹಾಕಿದ. ಆಟದ ಹೆಸರಿನ ಫೋಲ್ಡರ್ ತೆರೆದರೆ ಒಳಗೆ ಏನೇನೋ ತುಂಬಿದೆ. ಹಳೆಯ ಬಾಡಿಯ ಮೇಲೆ ಹೊಸ ಬಾಡಿ ಕೂಡಿಸುವ ಮೂರ್ಖ ಅವನಲ್ಲ. ಎಲ್ಲವನ್ನೂ ಬಿಚ್ಚಿ ತೆಗೆದ. ಪರದೆಯ ಮೂಲೆಯಲ್ಲಿ ಬುಟ್ಟಿಯ ಚಿತ್ರವಿತ್ತು. ಅದೇ ಗುಜರಿ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬುಟ್ಟಿಯನ್ನೂ ಬರಿದು ಮಾಡಹೊರಟಾಗ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಏನನ್ನೋ ಕೇಳಿತು. ವ್ಯಾಪಾರದಲ್ಲಿ ಇಲ್ಲ ಎಂದವನು ಕೆಟ್ಟ ಎಂಬುದು ಅವನ ನಂಬಿಕೆ. ಹೌದು ಎಂಬುದನ್ನೇ ಒತ್ತಿದ. ಆಮೇಲೆ ಸೀಡಿಯಲ್ಲಿದ್ದುದನ್ನೆಲ್ಲ ಅದಿರು ಸುರಿದಂತೆ ಒಳಗೆ ಸುರಿದ.

ಆಟ ತೆರೆಯಿತು. ಖಾಲಿ ನಿವೇಶನ. ಮನೆ ಹಿಂದಿನಿಂದ ಬರುತ್ತಿರಬಹುದು, ಎಂಜಿನ್ನು ಬಿಸಿಯಾಗಲಿ ಎಂದು ಅವನು ಕಾದ. ಸುಮ್ಮನೆ ಕಾಯುವುದೇಕೆಂದು ಲಾರಿಯನ್ನು ಆರಿಸಿ ನಡುವೆ ನಿಲ್ಲಿಸಿದ. ಚೆಂದದ ಲಾರಿ. ಸಂಸಾರ ಮಾಡಲು ಒಬ್ಬ ಹೆಂಗಸನ್ನೂ ಬಿಟ್ಟ. ಜಡೆಯ ಜೋಡಿ ಫೈಲು ಇರಲಿಲ್ಲವಾಗಿ ಅವಳು ತಲೆಯಲ್ಲಿ ಒಂದು ಎಳೆ ಕೂದಲಿಲ್ಲದೆ ಪ್ರತ್ಯಕ್ಷಳಾದಳು. ಒಲೆ ಇಟ್ಟ, ಒಲೆಯ ಬದಲು, ಸಾಮಾನು ಸಿಗಲಿಲ್ಲವೆಂಬ ಗುರುತಾಗಿ, ಕೆಂಪು ಡಬ್ಬಿಯೊಂದು ಮಿಣಮಿಣ ಮಿಂಚಿತು. ಮಂಚ ಇಟ್ಟ; ಇನ್ನೊಂದು ಕೆಂಪು ಡಬ್ಬಿ. ಬೋಳು ತಲೆಯ ಹೆಂಗಸು ಲಾರಿಯನ್ನು ಒಂದು ಸುತ್ತು ಬಂದು, ಮನೆ ಕಾಣದೆ, ನೆಲದ ಮೇಲೆ ಕುಳಿತು ಅಳತೊಡಗಿದಳು. ಅಲ್ಲಿಗೆ ಪರದೆ ಸ್ತಬ್ಧವಾಯಿತು.

ಅಲ್ತಾಫನಿಗೆ ಫೋನು ಹೋಯಿತು.

"ಮನಿ ಬರವಲ್ದು ನೋಡಪ."

"ಹಳೇ ಫೋಲ್ಡರ್ ತಿರುಗಿ ಹಾಕ್ರಿ, ಬರ್ತೈತಿ. ಎಲ್ಲಿಟ್ಟೀರಿ?"

"ಗುಜರಿಗೆ ಹಾಕೀನಿ."

"ಬುಟ್ಟಿಯಿಂದ ಎತ್ತಿಕೊಳ್ರಿ ಮತ್ತ."

"ಬುಟ್ಟಿನೂ ತೊಳದಿಟ್ಟೀನಿ."

"ಚಾಚಾ, ಆಟ ಬ್ಯಾರೆ ಕಡೆ ಇರ್ತೈತಿ, ಚಾಚಿ ಕಟ್ಟಿದ ಮನಿ ಅದರಾಗ ಇತ್ತು. ನಾನು ಇವತ್ತು ಊರಾಗಿಲ್ಲ ಅಂತ ಹೇಳಿಬಿಡ್ರಿ."

ಸಂಜೆ ಶಾಹಜಾನಬಿ ಬಂದಾಗ ಪರದೆಯ ಮೇಲೆ ಅವಳ ಗಂಡನ ಟವೆಲ್ಲು ಹೊದ್ದಿತ್ತು.

"ಯಾಕ, ಅದಕ್ಕ ಚಳಿಜ್ವರ ಬಂದೈತೇನು?"

"ಧೂಳು ಬೀಳ್ತಿತ್ತು."

"ಈ ಊರಾಗ ಇವತ್ತ ಮೊದಲ ಸಲ ಬಿತ್ತೇನು?"

ಟವೆಲ್ಲು ಎಳೆದಳು. ಬೋಳು ಹೆಂಗಸು, ಲಾರಿ, ಎರಡು ಕೆಂಪು ಡಬ್ಬಿ. ಶಾಹಜಾನಬಿ ಕೂಗಾಡಲಿಲ್ಲ. ಕೂಗಾಡಿದ್ದರೆ ಇಮಾಮಸಾಬ್ ಹ್ಞೂಂ ಎಂದು ಪಾರಾಗುತ್ತಿದ್ದ.

"ನನ್ನ ಮನಿ ಎಲ್ಲಿ?"

"ಲಾರಿ ನಿಲ್ಲಿಸಾಕ ಹೋಗಿದ್ದೆ…"

"ಲಾರಿ ಕಾಣತೈತಿ. ಮನಿ ಎಲ್ಲಿ ಅಂದೆ."

ಆ ಹೊತ್ತಿಗೆ ಸರಿಯಾಗಿ ಎರ್ರಣ್ಣನ ಬೈಕು ಬಾಗಿಲಲ್ಲಿ ನಿಂತಿತು. ಅವನು ಒಳಗೆ ಬಂದು ಪರದೆಯನ್ನು ಬಗ್ಗಿ ನೋಡಿದ.

"ಈ ತಾಯಿ ತಿರುಪತಿಗೆ ಹೋಗಿ ಬಂದಾಳೇನಕ್ಕ? ಮುಡಿ ಕೊಟ್ಟಂಗೈತಿ."

ಎರ್ರಣ್ಣ ಗಡಿಯಾರ ನೋಡಿಕೊಂಡ. "ಮನಿ ತೋರಿಸ್ರಿ. ಸಿರುಗುಪ್ಪದವರು ಕಾಯಾಕತ್ತಾರ."

ಶಾಹಜಾನಬಿ ಬಾಯಿ ತೆರೆದಳು. ವರ್ಷದ ಮನೆಯನ್ನು ಎಲ್ಲಿಂದ ಹೇಳಲು ಶುರುಮಾಡಬೇಕೆಂದು ತಿಳಿಯದೆ ಮುಚ್ಚಿದಳು. ಎರ್ರಣ್ಣ ಬೈಕಿನ ಕೀಲಿ ಕೈಗೆ ತೆಗೆದುಕೊಂಡ.

"ಸ್ವಲ್ಪ ನಿಂದರಪ" ಎಂದ ಇಮಾಮಸಾಬ್. ಜೇಬಿನಲ್ಲಿ ಸದಾ ಇರುವ ಸೀಮೆಸುಣ್ಣ ತೆಗೆದು, ಅಂಗಳದ ಕಡಪ ಕಲ್ಲಿನ ಮೇಲೆ ಬಗ್ಗಿದ. ಶೆಡ್ಡಿನಲ್ಲಿ ಬಾಡಿಯ ಆಕಾರವನ್ನು ಅವನು ಹೀಗೆಯೇ ನೆಲದ ಮೇಲೆ ಗೀಚುವುದು.

"ಇದು ತಲಬಾಗಿಲು. ಒಳಗ ಬಾ, ಅಡ್ಡಾಡು. ಇಲ್ಲಿ ಅಡಿಗಿ ಮನಿ. ಕಿಟಕಿ ಈ ಕಡಿಗೆ ಇರ್ಬೇಕು, ರೊಟ್ಟಿ ಬಡಿಯೋವಾಗ ಬೀದಿ ಕಾಣಬೇಕಂತ. ಮೊದಲು ಆ ಕಡಿಗಿತ್ತು, ಬಿಸಲು ಮುಖಕ್ಕ ಹೊಡೀತೈತಿ ಅಂತ ತಗದ್ಲು. ಬಚ್ಚಲ ಬಾಗಿಲು ಹೊರಗ ತೆರೀಬೇಕು. ಒಳಗ ತೆರೆದ್ರ ಕೊಡಕ್ಕ ಬಡೀತೈತಿ."

ಎರ್ರಣ್ಣ ಚಪ್ಪಲಿ ಬಿಟ್ಟು ಗೀಟುಗಳ ನಡುವೆ ಅಡ್ಡಾಡಿದ. ಇಮಾಮಸಾಬ್ ಕೋಣೆಯಿಂದ ಕೋಣೆಗೆ ಮೊಣಕಾಲಲ್ಲಿ ಸರಿಯುತ್ತ ಹೋದ. ಕೊನೆಯ ಕೋಣೆಯ ಗೋಡೆಯಲ್ಲಿ ಸಣ್ಣದೊಂದು ಚೌಕ ಗೀಚಿದ.

"ಇಲ್ಲೊಂದು ಗೂಡು. ಮಂಚದ ಮ್ಯಾಲಿಂದ ಕೈಗೆ ಸಿಗೋ ಹಂಗ. ಚಸ್ಮಾ ಇಡಾಕ."

ಶಾಹಜಾನಬಿ ಗಂಡನನ್ನು ದಿಟ್ಟಿಸಿದಳು. ಗೂಡಿನ ಮಾತನ್ನು ಅವಳು ಒಮ್ಮೆ ಮಾತ್ರ ಆಡಿದ್ದಳು, ಅದೂ ತನ್ನಷ್ಟಕ್ಕೆ. ಆಗ ಅವನು ಗೊರಕೆ ಹೊಡೆಯುತ್ತಿದ್ದ.

"ಇದನ್ನ ಯಾವಾಗ ಕೇಳಿಸ್ಕೊಂಡ್ರಿ?"

"ನಾನೆಲ್ಲಿ ಕೇಳೀನಿ? ಕಿವಿಗೆ ಬಿದ್ದೈತಿ."

ಎರ್ರಣ್ಣ ಕೀಲಿಯನ್ನು ಜೇಬಿಗೆ ಹಾಕಿದ. "ಪಾಯಕ್ಕ ಸೋಮವಾರ ಗುದ್ದಲಿ ಹಾಕೋಣಕ್ಕ. ಗಿರಣಿಯವರು ಕಾಯ್ಲಿ."

ಅಷ್ಟರಲ್ಲಿ ಇಮಾಮಸಾಬನಿಗೆ ಧೈರ್ಯ ಮರಳಿತ್ತು. ಗುಲಾಬಿ ಗಿಡಗಳಿರಬೇಕಾದ ಜಾಗದಲ್ಲಿ ಸರಸರನೆ ಒಂದು ಲಾರಿ ಬರೆದು, ಅಭ್ಯಾಸದಂತೆ ಅದಕ್ಕೊಂದು ಹಲಗೆ ಏರಿಸಿದ. ಶಾಹಜಾನಬಿ ಹೆಬ್ಬೆರಳನ್ನು ಬಾಯಿಯಲ್ಲಿ ಒದ್ದೆ ಮಾಡಿಕೊಂಡು ಬಗ್ಗಿ, ಮೇಲಿನ ಹಲಗೆಯೊಂದನ್ನು ಮಾತ್ರ ಒರೆಸಿ ಎದ್ದಳು.

"ಲಾರಿ ನಿಲ್ಲಲಿ. ಇಷ್ಟು ಸಾಕು."

"ಹ್ಞೂಂ" ಎಂದ ಇಮಾಮಸಾಬ್, ಮತ್ತು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟ.