ನಮ್ಮ ಪುಟ್ಟ ರನ್‌ವೇಗೆ ತುಳು ಇಳಿದದ್ದು

ಸಣ್ಣ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವವನಿಗೆ ನಗಲು ಟಿ.ವಿ. ಬೇಕಿಲ್ಲ. ಬೆಳಿಗ್ಗೆ ಗೇಟು ತೆರೆದರೆ ಸಾಕು, ಏನಾದರೊಂದು ತಾನಾಗಿ ಒಳಗೆ ಬರುತ್ತದೆ. ದೋಹಾದಿಂದ ಉತ್ತರಕ್ಕಿರುವ ನಮ್ಮ ನಿಲ್ದಾಣ ಒಂದು ಕಾಲದಲ್ಲಿ ಮಿಲಿಟರಿಯದು, ಈಗ ನಗರಾಡಳಿತದ್ದು. ವಿಮಾನ ಕಲಿಸುವ ಕ್ಲಬ್ಬಿನ ಪುಟ್ಟ ವಿಮಾನಗಳು ಬಿಟ್ಟರೆ ಅಲ್ಲಿಗೆ ಬರುವುದು ಗಾಳಿ ಮತ್ತು ಮರಳು. ನಾನು ಅಲ್ಲಿ ಆಫೀಸ್ ಅಸಿಸ್ಟೆಂಟ್.

ಏಳು ಕೆಜಿ

ದೋಹಾದ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿರುವ ನಮ್ಮೂರಿನವರೊಬ್ಬರು ಫೋನ್ ಮಾಡಿದರು. "ನೀನು ಏರ್‌ಪೋರ್ಟಲ್ಲೇ ಇರುವುದಲ್ವಾ ಮಾರಾಯ? ನಾಳೆ ಮಂಗಳೂರಿಗೆ ಹೊರಟಿದ್ದೇನೆ. ಲಗೇಜು ಏಳು ಕೆಜಿ ಜಾಸ್ತಿ. ಸ್ವಲ್ಪ ಹೇಳಿ ಬಿಡಿಸು."

"ಅಣ್ಣಾ, ನಂದು ಆ ದೊಡ್ಡ ಏರ್‌ಪೋರ್ಟ್ ಅಲ್ಲ. ನಮ್ಮ ವಿಮಾನದಲ್ಲಿ ಪೈಲಟ್ ಸೇರಿ ನಾಲ್ಕೇ ಜನ. ಭಾರ ಜಾಸ್ತಿಯಾದರೆ ಒಬ್ಬರನ್ನು ಇಳಿಸಿಯೇ ಬಿಡ್ತೇವೆ."

ಅವರು ಲಗೇಜಿನ ಮಾತು ಬಿಟ್ಟರು. ಆಮೇಲೆ ಮೆಲ್ಲಗೆ, "ವಾಪಸ್ ಬರುವಾಗ ನನ್ನ ಭಾವನೂ ಜೊತೆಗೆ ಬರ್ತಾನಂತೆ. ಆಗ ನಿಮ್ಮ ವಿಮಾನವೇ ಆಗಬಹುದು," ಎಂದರು.

ಕಿಟಕಿ

ಮಿಲಿಟರಿ ಕಾಲದ ಬಂಕರೇ ನಮ್ಮ ಆಫೀಸು. ನಗರಾಡಳಿತದ ಸಾಹೇಬರೊಬ್ಬರು ನೋಡಲು ಬಂದವರು, "ಇದೆಂತ ಗುಹೆ! ಒಂದು ಕಿಟಕಿ ಇಡಿಸಿ," ಎಂದು ಅಪ್ಪಣೆ ಕೊಟ್ಟು ಹೋದರು.

ಕಾಂಟ್ರಾಕ್ಟರ್ ಬಂದ. ಡ್ರಿಲ್ಲಿನ ಬಿಟ್ಟುಗಳು ಒಂದರ ಹಿಂದೊಂದು ಮುರಿದವು. ಗೋಡೆಗೆ ಬಿದ್ದದ್ದು ಒಂದು ಗೀರು. "ಖಲಾಸ್! ಬಾಂಬಿಗೇ ಜಗ್ಗದ ಗೋಡೆ ನನಗೆ ಜಗ್ಗುತ್ತದಾ?" ಎಂದು ಅವನು ಸಾಮಾನು ಕಟ್ಟಿದ. ನಮ್ಮ ಮ್ಯಾನೇಜರ್ ಸೇನೆಯಿಂದ ನಿವೃತ್ತರಾದ ಕತಾರಿ. "ನೋಡಿದೆಯಾ, ನಮ್ಮ ಕಾಲದ ಕಾಂಕ್ರೀಟು!" ಎಂದು ಯುದ್ಧ ಗೆದ್ದವರಂತೆ ಗೋಡೆ ತಟ್ಟಿದರು.

ಆದರೂ ಅಪ್ಪಣೆ ಅಪ್ಪಣೆಯೇ. ಪೇಂಟರನ್ನು ಕರೆಸಿ ಗೋಡೆಯ ಮೇಲೆ ಒಂದು ತೆರೆದ ಕಿಟಕಿ, ಆಚೆಗೆ ಸಮುದ್ರ, ಒಂದು ದೋಣಿ ಬರೆಸಿದರು. ಸಾಹೇಬರು ಮತ್ತೆ ಬಂದರು. ಅದರ ಪಕ್ಕದಲ್ಲೇ ಕೂತು ಚಹಾ ಕುಡಿದು, ಸಂತೋಷದಿಂದ ಎದ್ದು ಹೇಳಿದರು: "ಚೆನ್ನಾಗಿದೆ. ಆದರೆ ಎ.ಸಿ. ಹಾಕಿದಾಗ ಮುಚ್ಚಿಡಿ."

ಯಾವ ಮೂಗು?

ದೋಹಾದ ಅಲ್ ಸದ್ದ್‌ನಲ್ಲಿ ಹಲ್ಲಿನ ಡಾಕ್ಟರಾಗಿರುವ ಮಂಗಳೂರಿನ ಅಕ್ಕ ಒಬ್ಬರು, ಐವತ್ತು ದಾಟಿದ ಮೇಲೆ ವಿಮಾನ ಹಾರಿಸಲು ಕಲಿಯಲು ಬಂದರು. ಗಂಡ, ಮಕ್ಕಳು ನಕ್ಕರೂ ಬಿಡಲಿಲ್ಲ. ಮೊದಲ ಸಲ ಒಬ್ಬರೇ ಹಾರಿದ ದಿನ ನಾವೆಲ್ಲ ಹೊರಗೆ ನಿಂತು ಕೈಬೀಸಿದೆವು. ಅವರು ಒಂದು ಸುತ್ತು ಬರುವಷ್ಟರಲ್ಲಿ ಧೂಳೆದ್ದು ರನ್‌ವೇ ಮಸುಕಾಯಿತು. ರೇಡಿಯೊದಲ್ಲಿ ಅಕ್ಕನ ಇಂಗ್ಲಿಷ್ ತಡವರಿಸಿ ತಡವರಿಸಿ ನಿಂತೇ ಹೋಯಿತು. ಆಮೇಲೆ ಬಂದದ್ದು ತುಳು: "ಅಯ್ಯೋ ದೇವೆರೇ, ಯಾನ್ ದಾದ ಮಲ್ಪೊಡು?"

ಕಲಿಸುವ ಈಜಿಪ್ಟಿನ ಮಾಸ್ತರು ಗಾಬರಿಯಿಂದ ನನ್ನ ಮುಖ ನೋಡಿದರು. "ನಾನು ಏನು ಮಾಡಲಿ ಅಂತ ಕೇಳ್ತಿದ್ದಾರೆ," ಅಂದೆ. ಮೈಕನ್ನು ನನ್ನ ಕೈಗೆ ತುರುಕಿದರು. "ಯಲ್ಲಾ, ಬೇಗ! ನಾನು ಹೇಳಿದ್ದನ್ನು ನೀನು ಅವರ ಭಾಷೆಯಲ್ಲಿ ಹೇಳು!"

ಮೈಕನ್ನು ಬಾಯಿಗೆ ಹಿಡಿದೆ. "ಅಕ್ಕಾ, ಪೋಡ್ಯೊಡ್ಚಿ," ಹೆದರಬೇಡಿ, ಎಂದು ಶುರುಮಾಡಿದೆ. ಎಡಕ್ಕೆ ತಿರುಗಿಸಿ, ವೇಗ ಇಳಿಸಿ, ದೀಪ ಕಾಣ್ತದಾ... ಎಲ್ಲವೂ ತುಳುವಿನಲ್ಲೇ. ನೆಲ ಹತ್ತಿರ ಬಂದಾಗ ಮಾಸ್ತರು "ಮೂಗು ಮೇಲೆ!" ಎಂದರು. ನಾನೂ ಹಾಗೇ ಕೂಗಿದೆ. ವಿಮಾನ ಒಮ್ಮೆ ಪುಟಿದು ನೆಲ ಹಿಡಿಯಿತು. ನಾವು ಕೇಕೆ ಹಾಕುತ್ತ ಓಡಿದೆವು.

ಅಕ್ಕ ಇಂಜಿನ್ ಆರಿಸಿ, ಗದ್ದವನ್ನು ಆಕಾಶಕ್ಕೆ ಎತ್ತಿಕೊಂಡೇ ಕೂತಿದ್ದರು. "ಯಾವ ಮೂಗು ಅಂತ ನೀನು ಹೇಳಲಿಲ್ಲ ಮಾರಾಯ, ಎರಡನ್ನೂ ಎತ್ತಿದೆ!"

ಅಷ್ಟರಲ್ಲಿ ಮ್ಯಾನೇಜರರ ಫೋನ್ ಬಡಿದುಕೊಂಡಿತು. ನಮ್ಮ ರೇಡಿಯೊ ಕೇಳಿಸಿಕೊಂಡ ಅವರ ಹಳೆಯ ಸೇನಾ ಸ್ನೇಹಿತರೊಬ್ಬರು. "ನೀವು ಮಾತಾಡಿದ್ದು ಯಾವ ಕೋಡ್? ನಮ್ಮವರಿಗೆ ಒಂದಕ್ಷರ ಬಿಡಿಸಲಾಗಲಿಲ್ಲ!"

ಮ್ಯಾನೇಜರ್ ಎದೆ ಸೆಟೆಸಿ ನಿಂತರು. "ಮಾಫಿ, ಇಲ್ಲವೇ ಇಲ್ಲ! ಹೇಳುವ ಹಾಗಿಲ್ಲ. ಮಿಲಿಟರಿ ರಹಸ್ಯ."

ಫೋನ್ ಇಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿದರು. "ಈಗ ನನಗಾದರೂ ಹೇಳು, ಯಾವ ಕೋಡ್ ಅದು?"