ನಾನು ಅರಿಶಿನ ಬಂದ್ ಮಾಡಿಸಿದ್ದು

ಎರಡು ಲಿಪಿ ಓದಬಲ್ಲವನಿಗೆ ಬರುವ ಗರ್ವ ಒಂದೇ ಲಿಪಿ ಬಲ್ಲವರಿಗೆ ಅರ್ಥವಾಗುವುದಿಲ್ಲ. ನನಗೆ ಆ ಗರ್ವ ಇತ್ತು. ಇತ್ತು ಎನ್ನುತ್ತಿದ್ದೇನೆ, ಗಮನಿಸಿ. ನಾನು ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡ ಅಕ್ಷರಗಳನ್ನು ಅಜ್ಜ ಜಗಲಿಯ ಮೇಲೆ ಮರಳು ಹರಡಿ, ಬೆರಳು ಹಿಡಿದು ತಿದ್ದಿಸಿದ್ದರು. ಬೀದರಿನ ಮುನ್ಸಿಪಾಲ್ಟಿಯಲ್ಲಿ ಗುಮಾಸ್ತನಾದ ಮೇಲೆ ಆ ಕನ್ನಡದಿಂದ ನನಗೆ ಆಗುತ್ತಿದ್ದ ಉಪಯೋಗವೆಂದರೆ ಊಟಕ್ಕೆ ಕುಳಿತಾಗ ಇನ್ನಷ್ಟು ಪಲ್ಯ ಕೇಳುವುದು, ಅಷ್ಟೆ. ಆಮೇಲೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಒಂದು ಬೆಳಿಗ್ಗೆ ಆಫೀಸಿಗೆ ಬಂದ ಟಪಾಲೆಲ್ಲ ಕನ್ನಡದಲ್ಲಿತ್ತು. ನಮ್ಮ ಹಿರಿಯ ಗುಮಾಸ್ತರು ಆ ಕಾಗದಗಳನ್ನು ಹಿಂದೆ ಮುಂದೆ ತಿರುವಿ ನೋಡಿ, ಮೊಹರು ಮಾತ್ರ ಅಸಲಿ ಇದೆ ಎಂದು ಒಪ್ಪಿಕೊಂಡು, ಎಲ್ಲವನ್ನೂ ತಂದು ನನ್ನ ಮೇಜಿನ ಮೇಲೆ ಇಟ್ಟರು. ಅಂದಿನಿಂದ ಚಹಾ ನಾನು ಕೇಳದೆಯೇ ನನ್ನ ಮೇಜಿಗೆ ಬರತೊಡಗಿತು. ಮನುಷ್ಯ ಕೆಡಲು ಇದಕ್ಕಿಂತ ಹೆಚ್ಚೇನೂ ಬೇಕಾಗಿಲ್ಲ.

ಮೈಸೂರು ಕಡೆಯಿಂದ ಹೊಸ ಆರೋಗ್ಯಾಧಿಕಾರಿಗಳು ಬಂದಿದ್ದರು. ಬಹಳ ಮೆತ್ತಗಿನ ಮಾತು. ಅವರು ಬೈದದ್ದು ಬೈಗುಳ ಎಂದು ತಿಳಿಯಲು ನಮಗೆ ಎರಡು ದಿನ ಬೇಕಾಗುತ್ತಿತ್ತು. ಅವರು ಒಂದು ದಿನ ನನ್ನನ್ನು ಕರೆದು ಒಂದು ಕನ್ನಡ ಕರಪತ್ರ ಕೊಟ್ಟರು. "ನೋಡಿ ಇವರೇ, ತಿಂಡಿ ಅಂಗಡಿಯವರಿಗೆ ಹಂಚಬೇಕು. ಇಲ್ಲಿಯವರು ಉರ್ದು ಓದ್ತಾರಂತೆ. ಸ್ವಲ್ಪ ಉರ್ದುಗೆ ಮಾಡಿಕೊಡ್ತೀರಾ?" ಎಂದರು. ಕರಪತ್ರದಲ್ಲಿ ಎರಡು ಪಟ್ಟಿಗಳಿದ್ದವು. ಎಡಗಡೆ, ಅಳತೆಯಲ್ಲಿ ಬಳಸಬಹುದಾದ ಪದಾರ್ಥಗಳು. ಬಣ್ಣಕ್ಕೆ ಅರಿಶಿನ ಮತ್ತು ಕೇಸರಿ, ಪರಿಮಳಕ್ಕೆ ಏಲಕ್ಕಿ, ಪದಾರ್ಥ ಕೆಡದಂತೆ ಕಾಯಲು ಉಪ್ಪು, ಹಿಟ್ಟು ಉಬ್ಬಲು ಚಿಟಿಕೆ ಸೋಡಾ. ಒಂದೊಂದರ ಮುಂದೆಯೂ ಎಚ್ಚರಿಕೆ ಇತ್ತು: ಸೋಡಾ ಅತಿಯಾದರೆ ಹೊಟ್ಟೆಯುರಿ, ಉಪ್ಪು ಅತಿಯಾದರೆ ರಕ್ತದೊತ್ತಡ, ಹೀಗೆ. ಬಲಗಡೆ, ಎಂದೂ ಬಳಸಬಾರದವು. ಬಟ್ಟೆಗೆ ಹಾಕುವ ಹಳದಿ ಬಣ್ಣ, ಸೀಮೆಸುಣ್ಣದ ಪುಡಿ, ಇಟ್ಟಿಗೆ ಪುಡಿ, ಕಟ್ಟಿಗೆ ಹೊಟ್ಟು, ಸಕ್ಕರೆಯ ಬದಲು ಗಿರಾಕಿಗೆ ಹೇಳದೆ ಶರಬತ್ತಿಗೆ ಬೆರೆಸುವ ಸ್ಯಾಕರಿನ್. ಇವುಗಳಿಂದ ಕರುಳಿಗೆ, ಯಕೃತ್ತಿಗೆ ಆಗುವ ಅಪಾಯಗಳನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು.

ಸಣ್ಣ ಅಕ್ಷರದಲ್ಲಿ ಬರೆದ ರೋಗ ನನ್ನನ್ನು ಬೇಗ ಹಿಡಿಯುತ್ತದೆ. ಓದಿ ಮುಗಿಸುವಷ್ಟರಲ್ಲಿ ನನ್ನ ಯಕೃತ್ತು ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೂ ಅದು ನೋಯುತ್ತಿದೆ ಎಂದು ಗೊತ್ತಾಗಿಬಿಟ್ಟಿತ್ತು. ಆ ಸಂಜೆ ಹೆಂಡತಿ ಗಂಗಮ್ಮ ಮಿರ್ಚಿ ಭಜಿ ಕರಿದಿದ್ದಳು. ಭಜಿ ಚೆನ್ನಾಗಿ ಉಬ್ಬಿತ್ತು. ನನಗೆ ಅನುಮಾನ ಬಂದು, ಸೋಡಾ ಎಷ್ಟು ಹಾಕಿದ್ದೀ, ಅಳತೆ ಏನು ಎಂದು ವಿಚಾರಣೆ ಶುರು ಮಾಡಿದೆ. ಗಂಗಮ್ಮ ಜಾಲರಿ ಸೌಟನ್ನು ಕೈಯಲ್ಲೇ ಹಿಡಿದು, "ಲಗ್ನ ಆಗಿ ಆರು ವರ್ಷ ಇದೇ ಭಜಿ ತಿಂದೀರಿ. ಉರಿ ಆಗಿದ್ರ ಆವಾಗೇ ಹೇಳಬೇಕಿತ್ತು. ಈಗ ಕಾಗದ ಬಂದ ಮ್ಯಾಲ ಉರಿ ಹತ್ತೇದೇನ್ರಿ?" ಎಂದಳು. ಕಾಗದ ಬಂದ ಮೇಲೆಯೇ ಹತ್ತಿದ್ದು ನಿಜ. ಆದರೂ ಗಂಡನಾದವನು ಅದನ್ನು ಒಪ್ಪಿಕೊಳ್ಳುವಂತಿಲ್ಲ. ವಾದ ಮುಗಿಯುವವರೆಗೆ ತಟ್ಟೆಯಲ್ಲಿದ್ದ ಭಜಿಗಳನ್ನು ತಿನ್ನುತ್ತಲೇ ಇದ್ದೆ.

ಅನುವಾದವನ್ನು ಮಾತ್ರ ನಾನು ಜೀವ ತೇಯ್ದು ಮಾಡಿದೆ. ಆಗ ಉರ್ದು ಕರಪತ್ರ ಅಚ್ಚಾಗಬೇಕಾದರೆ ಮೊದಲು ಕಾತಿಬರು ಅದನ್ನು ಕೈಯಿಂದ ಅಂದವಾಗಿ ಬರೆದುಕೊಡಬೇಕಾಗಿತ್ತು. ನಮ್ಮ ಕಾತಿಬರು ವಯಸ್ಸಾದವರು, ಅಕ್ಷರ ಮುತ್ತಿನಂಥದು. ಅವರು ಎರಡು ತಲೆಬರಹಗಳನ್ನು ಮೊದಲೇ ಬರೆದಿಟ್ಟರು. ಉರ್ದು ಬಲದಿಂದ ಎಡಕ್ಕೆ ಹೋಗುವ ಲಿಪಿಯಾದ್ದರಿಂದ, ಮೊದಲನೆಯದಾದ "ಬಳಸಬಹುದು" ಎಂಬುದನ್ನು ಬಲಗಡೆಗೂ, "ಬಳಸಬಾರದು" ಎಂಬುದನ್ನು ಎಡಗಡೆಗೂ ಬರೆದರು. ಅದು ಸರಿಯೇ. ಪಟ್ಟಿಗಳನ್ನು ಎಲ್ಲಿ ತುಂಬಬೇಕೆಂದು ಅವರು ಕೇಳಿದಾಗ ನಾನು ಕನ್ನಡ ಕಾಗದವನ್ನು ಎದುರಿಗೆ ಹಿಡಿದು, ಎಡಗಡೆಯದನ್ನು ಎಡಗಡೆಗೆ, ಬಲಗಡೆಯದನ್ನು ಬಲಗಡೆಗೆ ಎಂದು ಬೆರಳಿಟ್ಟು ತೋರಿಸಿದೆ. ಅವರು ಹಾಗೆಯೇ ಬರೆದರು. ಅದನ್ನು ಪರಿಶೀಲಿಸುವವರು ಯಾರು? ಆರೋಗ್ಯಾಧಿಕಾರಿಗಳಿಗೆ ಉರ್ದು ಬಾರದು. ಕಾತಿಬರಿಗೆ ಕನ್ನಡ ಬಾರದು. ಎರಡೂ ಬಲ್ಲವನು ಆಫೀಸಿನಲ್ಲಿ ಒಬ್ಬನೇ ಇದ್ದ, ಅವನು ಚಹಾ ಕುಡಿಯುತ್ತಿದ್ದ.

ಈಗ ನನ್ನ ಮಾವನವರ ವಿಷಯ ಹೇಳಬೇಕು. ವೀರಭದ್ರಪ್ಪನವರದು ಭಾಲ್ಕಿಯಲ್ಲಿ ಮಿಠಾಯಿ ಅಂಗಡಿ. ಗಂಗಮ್ಮ ಅವರಿಗೆ ಒಬ್ಬಳೇ ಮಗಳು. ಅವರ ಮನೆಯಲ್ಲಿ ಅಳಿಯನ ಮಾತಿಗೆ ಎದುರಾಡುವ ಪದ್ಧತಿ ಇಲ್ಲ. ಲಗ್ನವಾದ ಹೊಸದರಲ್ಲಿ ನಾನು ಮಾತಿಗೆ, ಭಾಲ್ಕಿಯ ನೀರು ಸ್ವಲ್ಪ ಸಪ್ಪೆ ಎಂದಿದ್ದೆ. ಮರುದಿನದಿಂದ ನಾನಿರುವಷ್ಟು ದಿನ ಊರಾಚೆಯ ಬಾವಿಯಿಂದ ನೀರು ಬಂತು. ಹೀಗಿರುವ ಮಾವನಿಗೆ ನಾನು ನನ್ನ ಕರಪತ್ರವನ್ನು ಕಳಿಸಿ, "ಸರ್ಕಾರದ ಹುಕುಂ ಇದೆ, ತಪ್ಪದೆ ಪಾಲಿಸುವುದು" ಎಂದು ಚೀಟಿಯನ್ನೂ ಲಗತ್ತಿಸಿದೆ. ಅವರಿಗೆ ಬರುತ್ತಿದ್ದ ಲಿಪಿ ಉರ್ದು ಒಂದೇ.

ತಿಂಗಳಾದ ಮೇಲೆ ನಾನೂ ಗಂಗಮ್ಮನೂ ರೈಲಿನಲ್ಲಿ ಭಾಲ್ಕಿಗೆ ಹೋದೆವು. ಬೆಳಿಗ್ಗೆಯೇ ಊಟಕ್ಕೆ ಹಾಕಿದರು. ಬೇಳೆ ಬೆಳ್ಳಗಿತ್ತು. ಪಲ್ಯದಲ್ಲಿ ಉಪ್ಪಿರಲಿಲ್ಲ. ಅತ್ತೆಯವರಿಗೆ ವಯಸ್ಸಾಯಿತು, ಪಾಪ, ಮರೆತಿದ್ದಾರೆ ಎಂದುಕೊಂಡು ದೊಡ್ಡ ಮನಸ್ಸಿನಿಂದ ಉಂಡೆ. ಎರಡನೆಯ ತುತ್ತಿಗೆ ಗಂಗಮ್ಮ, "ಅವ್ವಾ, ಉಪ್ಪು ಎಲ್ಲದ?" ಎಂದು ಕೇಳಿದಳು. ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, "ಈಗ ನಾವು ತಿನ್ನಲ್ಲವ್ವ" ಎಂದರು. ಏನೋ ವ್ರತ ಹಿಡಿದಿರಬೇಕೆಂದು ನಾನು ಮೆಚ್ಚುಗೆಯಿಂದ ತಲೆಯಾಡಿಸಿದೆ. ನನ್ನ ತಲೆಯಾಟ ನೋಡಿ ಅತ್ತೆಗೆ ತುಂಬ ಸಮಾಧಾನವಾಯಿತು.

ಊಟ ಮುಗಿಸಿ ಅಂಗಡಿಗೆ ಹೋದರೆ ಗಿರಾಕಿಗಳೇ ಇಲ್ಲ. ಎದುರಿನ ಅಂಗಡಿಯ ಮುಂದೆ ಜನ ನಿಂತಿದ್ದರು. ಮಾವನ ಅಂಗಡಿಯ ಒಳಗೆ ದೊಡ್ಡ ದೊಡ್ಡ ಬುಟ್ಟಿಗಳ ತುಂಬ ಬುಂದಿ ಲಾಡು ಕಟ್ಟಿಟ್ಟಿದ್ದರು. ಅವುಗಳ ಬಣ್ಣ ಮಾಸಿದ ಧೋತರದಂತಿತ್ತು. ಔರಾದ ತಾಲ್ಲೂಕಿನ ಠಾಣಾ ಕುಶನೂರಿನಿಂದ ಮಾಣಿಕಪ್ಪ ಎಂಬ ಹಿರಿಯರು ಮಗಳ ಲಗ್ನಕ್ಕೆಂದು ಹೇಳಿಕಳಿಸಿದ್ದ ಲಾಡುಗಳು ಅವು. ಸಂಜೆಗೆ ಬಂಡಿ ತಂದು ಒಯ್ಯುವವರಿದ್ದರು. ಆ ಮನೆತನದ ಮೂರು ತಲೆಮಾರಿನ ಲಗ್ನಗಳಿಗೆಲ್ಲ ಲಾಡು ಹೋದದ್ದು ಇದೇ ಅಂಗಡಿಯಿಂದ. ಈ ಲಾಡುಗಳನ್ನು ಬೀಗರ ಮುಂದೆ ಇಟ್ಟರೆ ಮಾಣಿಕಪ್ಪನವರ ಮಾನ ಹೋಗುತ್ತದೆ, ಆಮೇಲೆ ಭಾಲ್ಕಿಯಲ್ಲಿ ಮಾವನವರ ಹೆಸರು ಉಳಿಯುವುದಿಲ್ಲ. ಇದು ಲಾಡು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ನಾನು ಮಾತ್ರ, "ಬೆಂಕಿ ಕಡಿಮೆಯಾಯಿತೇನು?" ಎಂದು ಕೇಳಿದೆ.

"ಇಲ್ಲರಿ ಸಾಹೇಬ್ರ. ನಿಮ್ಮ ಕಾಗದ ಬಂದಾಗಿನಿಂದ ಹಿಂಗೇ ಮಾಡ್ತೇನಿ" ಎಂದು ಮಾವ ಗೋಡೆ ತೋರಿಸಿದರು. ನನ್ನ ಕರಪತ್ರಕ್ಕೆ ಚೌಕಟ್ಟು ಹಾಕಿಸಿ, ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಊದುಬತ್ತಿಯ ಹೊಗೆ ಎರಡಕ್ಕೂ ಹತ್ತುತ್ತಿತ್ತು.

ಗಂಗಮ್ಮನಿಗೆ ಉರ್ದು ಬಾರದು. "ಏನು ಬರ್ದೀರಿ, ಒಂಚೂರು ಓದ್ರಿ" ಎಂದಳು. ನನಗೆ ಖುಷಿಯಾಯಿತು. ಗಂಟಲು ಸರಿಮಾಡಿಕೊಂಡು, ಬೀದಿಯವರಿಗೂ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ, ಒಂದೊಂದು ಸಾಲನ್ನೂ ಕನ್ನಡಕ್ಕೆ ತಿರುಗಿಸುತ್ತ ಓದಿದೆ. "ಕೆಳಗಿನ ಪದಾರ್ಥಗಳನ್ನು ತಿಂಡಿಗಳಲ್ಲಿ ಬಳಸಬಹುದು. ಬಟ್ಟೆಗೆ ಹಾಕುವ ಹಳದಿ ಬಣ್ಣ, ಸೀಮೆಸುಣ್ಣ, ಇಟ್ಟಿಗೆ ಪುಡಿ." ಇಲ್ಲಿ ನನ್ನ ದನಿ ತಗ್ಗಿತು. "ಕೆಳಗಿನವನ್ನು ಬಳಸಬಾರದು. ಅರಿಶಿನ, ಕೇಸರಿ, ಏಲಕ್ಕಿ." ಉಪ್ಪಿಗೆ ಬರುವಷ್ಟರಲ್ಲಿ ದನಿಯೇ ಇರಲಿಲ್ಲ. ಎಡ ಯಾವುದು, ಬಲ ಯಾವುದು ಎಂದು ನನ್ನ ಎರಡೂ ಕೈಗಳನ್ನು ನೋಡಿಕೊಂಡೆ. ಗಂಗಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು, "ಹೊಸ ಸರ್ಕಾರದವರು ಇಟ್ಟಂಗಿ ತಿಂತಾರೇನ್ರಿ?" ಎಂದು ಕೇಳಿದಳು. ನೆಲದಲ್ಲಿ ಬಿರುಕಿದ್ದರೆ ಇಳಿದುಬಿಡುತ್ತಿದ್ದೆ. ನಾಚಿಕೆ ಎಂದರೆ ಏನೆಂದು ಅಂದು ಗೊತ್ತಾಯಿತು.

"ಮಾವಾರ, ತಪ್ಪಾಗ್ಯದ. ಪಟ್ಟಿ ಅದಲುಬದಲು ಆಗ್ಯಾವ. ನಿಮಗ ಅನುಮಾನ ಬರಲಿಲ್ಲೇನ್ರಿ?" ಎಂದೆ.

"ಬಂದಿತ್ತರಿ" ಎಂದರು ಮಾವ. "ಹುಟ್ಟಿದಾಗಿಂದ ಇದೇ ಕೆಲಸ ಮಾಡ್ತೇನಿ, ಬರದೇ ಇರ್ತದೇನು. ಖರೆ ಅಳಿಯಂದ್ರು ಬರ್ದು ಕಳ್ಸೀರಿ, ಹ್ಯಾಂಗ ಕೇಳಬೇಕು? ಬಟ್ಟಿ ಬಣ್ಣಕ್ಕ ಪರವಾನಗಿ ಅದ ಅಂತ ಬರ್ದಿತ್ತು. ಅದನ್ನ ಹಾಕಲಿಕ್ಕ ಮಾತ್ರ ನನ್ನ ಕೈ ಏಳಲಿಲ್ಲರಿ. ಅದೊಂದು ನಿಮ್ಮ ಮಾತು ನಡಸಲಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ."

ನನ್ನ ಕಣ್ಣು ಒದ್ದೆಯಾಯಿತು. ನಂತರ ಕರಪತ್ರಗಳನ್ನು ವಾಪಸು ಪಡೆಯಲು ನಾನು ಬೀದರ, ಔರಾದಗಳ ಅಂಗಡಿಗಳನ್ನೆಲ್ಲ ಸುತ್ತಿದಾಗ ಗೊತ್ತಾದದ್ದೇನೆಂದರೆ, ಅದನ್ನು ಯಾರೂ ಓದಿಯೇ ಇರಲಿಲ್ಲ. ಕೆಲವರು ಅದರಲ್ಲಿ ಭಜಿ ಕಟ್ಟಿಕೊಡುತ್ತಿದ್ದರು, ಕೆಲವರು ಕಪಾಟಿನ ತಳಕ್ಕೆ ಹಾಸಿದ್ದರು. ಆರೋಗ್ಯಾಧಿಕಾರಿಗಳಿಗೆ ಹೇಳಿದಾಗ ಅವರು ಏನೋ ಮೆತ್ತಗೆ ಅಂದರು, ಅದು ಎರಡು ದಿನದ ಮೇಲೆ ನನಗೆ ನಾಟಿತು. ಇಡೀ ಜಿಲ್ಲೆಯಲ್ಲಿ ನನ್ನ ಬರವಣಿಗೆಯನ್ನು ನಂಬಿ ನಡೆದವರು ನನ್ನ ಮಾವ ಒಬ್ಬರೇ. ಒಬ್ಬ ಬರಹಗಾರನಿಗೆ ಇದಕ್ಕಿಂತ ನಿಷ್ಠೆಯ ಓದುಗ ಸಿಗಲಾರ, ಇದಕ್ಕಿಂತ ದೊಡ್ಡ ಶಿಕ್ಷೆಯೂ ಸಿಗಲಾರದು.

ಆ ದಿನ ಅಂಗಡಿಯಲ್ಲಿ ಅಳುತ್ತ ಕೂರಲು ಗಂಗಮ್ಮ ಬಿಡಲಿಲ್ಲ. ಮಿಠಾಯಿಯವರ ಮಗಳು ಅವಳು. ಲಾಡೆಲ್ಲ ಒಡೆದು ಮತ್ತೆ ಪುಡಿ ಮಾಡಬೇಕು, ಕೇಸರಿ, ಏಲಕ್ಕಿ ಹಾಕಿ ಹೊಸ ಪಾಕ ಕಾಸಬೇಕು, ಬಿಸಿ ಇರುವಾಗಲೇ ಕಲಸಿ ಕಟ್ಟಬೇಕು ಎಂದು ಸೀರೆ ಎತ್ತಿಕಟ್ಟಿದಳು. ಸರ್ಕಾರ ನಿಷೇಧಿಸಿದ ಕೇಸರಿಯನ್ನು ಅತ್ತೆ ಟ್ರಂಕಿನ ತಳದಲ್ಲಿ ರೇಷ್ಮೆ ಸೀರೆಯೊಳಗೆ ಬಚ್ಚಿಟ್ಟಿದ್ದರು. ಬೀದಿಯ ಕಡೆ ಒಮ್ಮೆ ನೋಡಿ ತಂದುಕೊಟ್ಟರು. ನಾನೂ ಅಂಗಿಯ ತೋಳು ಮಡಚಿ ಕುಳಿತೆ. ಮಾವ ಗಾಬರಿಯಾದರು. "ಅಳಿಯಂದ್ರು ನೀವು, ಕೆಲಸ ಮಾಡಬಾರ್ದರಿ. ಕುರ್ಚಿ ಮ್ಯಾಲ ಕೂಡ್ರಿ" ಎಂದು ಅಂಗಲಾಚಿದರು. ಗಂಗಮ್ಮ, "ಮಾಡ್ಲಿ ಬಿಡಪ್ಪ" ಎಂದು ಒಂದು ಬುಟ್ಟಿ ನನ್ನ ಮುಂದೆ ನೂಕಿದಳು.

ಲಾಡು ಕಟ್ಟುವುದು ಸುಲಭವೆಂದು ತಿನ್ನುವವರು ಮಾತ್ರ ತಿಳಿದಿರುತ್ತಾರೆ. ಪಾಕ ಬೆರೆತ ಬುಂದಿ ಕೈ ಸುಡುತ್ತದೆ, ಆರಲು ಬಿಟ್ಟರೆ ಉದುರುತ್ತದೆ. ಮಾವ ಒಂದು ಹಿಡಿ ಹಿಡಿದು ಎರಡು ಸಲ ಅಂಗೈ ತಿರುವಿದರೆ ಲಾಡು ಸಿದ್ಧ. ನಾನು ಒತ್ತಿದರೆ ಅದು ಒಂದು ಕಡೆ ತಗ್ಗಿ ಇನ್ನೊಂದು ಕಡೆ ಉಬ್ಬುತ್ತಿತ್ತು. ಉಬ್ಬಿದ್ದನ್ನು ತಗ್ಗಿಸಲು ಹೋದರೆ ಮೂಲೆಗಳು ಮೂಡುತ್ತಿದ್ದವು. ಮಾವ ಅವನ್ನೂ ಗೌರವದಿಂದ ಎತ್ತಿ ಬುಟ್ಟಿಗೆ ಜೋಡಿಸುತ್ತಿದ್ದರು. ಹೀಗೆ ಮೂರು ಬುಟ್ಟಿಗಳು ನನ್ನ ಕೈಯಿಂದ ತುಂಬಿದವು.

ಬಿಸಿಲು ಇಳಿಯುವ ಹೊತ್ತಿಗೆ ಮಾಣಿಕಪ್ಪನವರ ಬಂಡಿ ಬಂತು. ಅವರು ರುಮಾಲು ತೆಗೆದಿಟ್ಟು, ನನ್ನ ಬುಟ್ಟಿಗೇ ಕೈಹಾಕಿ ಒಂದು ಲಾಡು ಎತ್ತಿ ಮುರಿದು ಬಾಯಿಗೆ ಹಾಕಿಕೊಂಡರು. "ಬಣ್ಣ ಬೇಷ್ ಅದ. ರುಚಿನೂ ಬೇಷ್ ಅದ" ಎಂದರು. ನನಗೆ ಜೀವ ಬಂದಂತಾಯಿತು. ಆಮೇಲೆ ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದರು. "ಖರೆ ವೀರಭದ್ರಪ್ಪ, ಇದು ದುಂಡಗದನೋ ಚೌಕದನೋ? ಒಂದರಂಗ ಇನ್ನೊಂದಿಲ್ಲಲ್ಲ. ಬೀಗರು ನಗ್ತಾರ."

ಮಾವ ನನ್ನ ಕೈಗಳ ಕಡೆ ನೋಡಿದರು. ಅವಕ್ಕೆ ಮೊಣಕೈವರೆಗೆ ಬುಂದಿ ಮೆತ್ತಿತ್ತು. "ಏನ್ ಹೇಳಲಿ ಮಾಣಿಕಪ್ಪ, ಕಾಯ್ದಾ ಬದಲಾಗ್ಯದ. ಮೈಸೂರ ಸರ್ಕಾರದಾಗ ಲಾಡು ಹಿಂಗೇ ಕಟ್ಟಬೇಕಂತ" ಎಂದರು. ಎಂದೂ ಸುಳ್ಳಾಡದ ಮನುಷ್ಯ, ಕಣ್ಣು ಪಿಳುಕಿಸದೆ ಹೇಳಿದರು.

"ಹೌದೇನ್ರಿ ಸಾಹೇಬ್ರ?" ಎಂದು ಮಾಣಿಕಪ್ಪ ನನ್ನನ್ನು ಕೇಳಿದರು. ಗಂಗಮ್ಮ ಗೋಡೆಯ ಕಡೆ ತಿರುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು, "ಹೌದ್ರಿ, ಆರ್ಡರ್ ಬಂದದ" ಎಂದೆ.

"ಸರ್ಕಾರದ್ದೇ ಆದ್ರ ಮಾತೇನದ" ಎಂದು ಮಾಣಿಕಪ್ಪ ಬುಟ್ಟಿಗಳನ್ನು ಬಂಡಿಗೆ ಏರಿಸಿದರು. ಹೊರಡುವ ಮುಂಚೆ ಏನೋ ಯೋಚಿಸಿ ಮತ್ತೆ ಇಳಿದು ಬಂದರು. "ಸಾಹೇಬ್ರ, ಬೀಗರು ಕೇಳಿದ್ರ ತೋರಸ್ಲಿಕ್ಕ ಬೇಕು. ಆ ಕಾಯ್ದಾ ನೀವೇ ಒಂದು ಕಾಗದದಾಗ ಬರ್ದು ಕೊಡ್ರಿ."

ಕೇಳಿದವರಿಗೆ ಇಲ್ಲವೆನ್ನುವುದು ಹೇಗೆ? ನಾನು ಕೈ ಒರೆಸಿಕೊಂಡು ಜೇಬಿನ ಪೆನ್ನಿಗೆ ಕೈಹಾಕಿದೆ. ಮಾವ ಅಡ್ಡ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬ್ಯಾಡರಿ" ಎಂದರು. "ಇನ್ನೂ ಒಂದು ಬುಟ್ಟಿ ಲಾಡು ಬೇಕಾದ್ರ ಕಟ್ರಿ. ಬರಿಯೋದು ಮಾತ್ರ ಬ್ಯಾಡ."